ಸೀನೀರಮ್ಮ ಕಡಲ ಬಂಡೆಯಲ್ಲಿ ನೆಲೆಸಿದ ಕಥೆ

ಕಲಿಯ ಪ್ರಭಾವವು ಲೋಕವನ್ನು ಆವರಿಸತೊಡಗಿ, ಒಬ್ಬರನ್ನೊಬ್ಬರು ನಂಬಿ ಬಾಳುವ ಧರ್ಮವು ಮಾನವರಲ್ಲಿ ದಿನೇ ದಿನೇ ಕ್ಷೀಣಿಸುತ್ತಿದ್ದ ಪುರಾತನ ಕಾಲದಲ್ಲಿ, ಪಶ್ಚಿಮ ಸಮುದ್ರದ ತೀರದಲ್ಲಿ ಹೊಳೆಯೊಂದು ಕಡಲನ್ನು ಸೇರುವೆಡೆ ಕಲ್ಲಳಿವೆಯೆಂಬ ಗ್ರಾಮವಿತ್ತು. ಗುಡ್ಡದ ನೆತ್ತಿಯಲ್ಲಿ ಕೆಂಪು ಮುರಕಲ್ಲಿನ ಕೋಟೆ, ಬುಡದಲ್ಲಿ ಬೆಸ್ತರ ಕೇರಿ. ಮೂರು ದಿಕ್ಕಿನಲ್ಲಿಯೂ ಜಲರಾಶಿಯೇ ಇದ್ದ ಆ ಸ್ಥಳದಲ್ಲಿ ಕುಡಿಯುವ ನೀರು ಮಾತ್ರ ಇರಲಿಲ್ಲ. ತೋಡಿದ ಬಾವಿಗಳೆಲ್ಲವೂ ಉಪ್ಪಾಗಿ, ಕೇರಿಯ ಹೆಂಗಸರು ದೋಣಿಯೇರಿ ಹೊಳೆಯ ಮೇಲ್ದಿಕ್ಕಿಗೆ ಹೋಗಿ ಕೊಡ ತುಂಬಿ ತರುತ್ತಿದ್ದರು.

ಒಮ್ಮೆ ಯಾತ್ರಿಕನ ವೇಷದಲ್ಲಿ ಬಂದವನೊಬ್ಬನು ಆ ಊರಿನ ಅನ್ನವನ್ನುಂಡು, ಛತ್ರದಲ್ಲಿ ಮಲಗಿ, ಅಳಿವೆಯ ಆಳವನ್ನೂ ಬಂಡೆಗಳ ನಡುವಣ ದೋಣಿದಾರಿಯನ್ನೂ ತಿಳಿದುಕೊಂಡು ಹೋದನು. ಅವನ ಬೆನ್ನಿಗೇ ಕಡಲ್ಗಳ್ಳರ ಹಡಗುಗಳು ಅದೇ ದಾರಿಯಿಂದ ಒಳನುಗ್ಗಿ ಕೇರಿಯನ್ನು ಸುಟ್ಟು ಸೂರೆಗೈದವು. ಆ ದಿನ ಸತ್ತವರಲ್ಲಿ ಬೊಮ್ಮನೆಂಬ ಬೆಸ್ತನೂ ಒಬ್ಬ. ಅವನ ಮಡದಿ ಮಾಸ್ತಿ, ಬಂಡೆಗೆ ಕಚ್ಚಿಕೊಂಡ ಚಿಪ್ಪುಗಳನ್ನು ಕತ್ತಿಯಿಂದ ಕಿತ್ತು ಜೀವನ ಸಾಗಿಸುವವಳು, ಅಂದಿನಿಂದ ಪರಸ್ಥಳದವರಿಗೆ ಬಾಯಿಗೆ ನೀರು ಕೊಡುವುದನ್ನೂ ಬಿಟ್ಟಳು. ಏಕೆಂದರೆ ಆ ವೇಷಧಾರಿಗೆ ಮೊದಲು ಗಂಜಿ ಬಡಿಸಿದ್ದು ಅವಳ ಮನೆಯಲ್ಲಿಯೇ.

ಹೀಗಿರಲು, ಮಳೆಗಾಲ ಕಳೆದು ಕಡಲು ತಿಳಿಯಾದ ದಿನಗಳಲ್ಲಿ, ಘಟ್ಟದ ಕಡೆಯಿಂದ ಒಬ್ಬ ನೀಳಕಾಯದ ಮನುಷ್ಯನು ಹೊಳೆಯ ದಂಡೆ ಹಿಡಿದು ನಡೆದು ಬಂದನು. ಹೆಗಲಿನಲ್ಲಿ ಒಂದು ಗಂಟು. ಅದನ್ನು ಯಾರಿಗೂ ಮುಟ್ಟಗೊಡನು. ಛತ್ರಕ್ಕೆ ಹೋಗದೆ ಮರಳ ದಂಡೆಯಲ್ಲಿಯೇ ಉಳಿದನು. ಕಡಲಿಳಿದಾಗಲೆಲ್ಲ ಗುಡ್ಡದ ಮೂಲೆಯ ಕರಿಬಂಡೆಗಳಿಗೆ ನಡೆದುಹೋಗಿ, ಒಂದೊಂದು ಬಂಡೆಗೂ ಕಿವಿಯಿಟ್ಟು ಬಹಳ ಹೊತ್ತು ಕುಳಿತಿರುವನು. ಬಿರುಕುಗಳಿಗೆ ಕೋಲನ್ನಿಳಿಸಿ ಆಳ ನೋಡುವನು.

ಚಿಪ್ಪು ಕೀಳುವ ನೆವದಿಂದ ಮಾಸ್ತಿಯು ಅವನ ಹಿಂದೆಯೇ ಸುಳಿದಾಡಿದಳು. ಕೊನೆಗೆ ತಡೆಯಲಾರದೆ ಎದುರಿಗೇ ಹೋಗಿ ನಿಂತಳು.

"ಯಾರು ನೀನು? ಈ ಕಲ್ಲುಗಳಲ್ಲಿ ನಿನಗೇನು ಕೆಲಸ?"

"ನನ್ನ ಹೆಸರು ಸೋವಯ್ಯ, ತಂಗೀ. ಮನೆ ಬಿಟ್ಟು ಬಂದವಳೊಬ್ಬಳನ್ನು ಹುಡುಕುತ್ತಿದ್ದೇನೆ."

"ಹೆಂಗಸನ್ನು ಕಲ್ಲಿನೊಳಗೆ ಹುಡುಕುತ್ತಾರೆಯೇ?"

ಅವನು ಮತ್ತೆ ಬಂಡೆಗೆ ಕಿವಿಯಿಟ್ಟನು. ಮಾಸ್ತಿಯು ನೇರವಾಗಿ ಕೋಟೆಯ ಮೆಟ್ಟಿಲು ಹತ್ತಿದಳು.

ಕೋಟೆಯ ಅಧಿಪತಿಯಾದ ದುಗ್ಗಣ ನಾಯಕನು ಕ್ರೂರಿಯಲ್ಲ. ಆದರೆ ಒಮ್ಮೆ ಮೋಸಹೋಗಿ ಊರನ್ನು ಸುಡಗೊಟ್ಟವನು. ಅವನು ಭಟರೊಡನೆ ಇಳಿದು ಬಂದು ಸೋವಯ್ಯನ ಗಂಟನ್ನು ಬಿಚ್ಚಿಸಿದನು. ಒಳಗೆ ಒಂದು ತಾಮ್ರದ ಗಿಂಡಿ, ಮಡಿಕೆ ಬಿಚ್ಚದ ಕೆಂಪು ಸೀರೆ, ಹಸಿರು ಗಾಜಿನ ಬಳೆಗಳು, ಅರಸಿನ ಕುಂಕುಮ. ನೆರೆದವರೆಲ್ಲ ಮುಖಮುಖ ನೋಡಿಕೊಂಡರು.

"ಈ ಸೀರೆ ಯಾರದು? ಇದನ್ನುಡುವವಳು ಎಲ್ಲಿ?" ಎಂದು ನಾಯಕನು ಗದರಿದನು. "ಎಲ್ಲಿ ಕೊಂದು ಎಸೆದೆ? ಇಲ್ಲವೇ ಯಾವ ಊರಿನಲ್ಲಿ ದೋಚಿದೆ?"

"ಉಡುವವಳು ನಮ್ಮೂರ ಗಂಗಮ್ಮ, ಒಡೆಯಾ. ನಾನು ಅವಳ ಪೂಜಾರಿ. ಮೇಲಿನ ಕೇರಿಯವರು ಕೆಳಗಿನವರನ್ನೂ ಕೆಳಗಿನವರು ಮೇಲಿನವರನ್ನೂ ನೀರುಗಳ್ಳರೆಂದು ದೂರಿ, ಒರತೆಯ ಸುತ್ತ ಮುಳ್ಳುಬೇಲಿ ಹಾಕಿದರು. ಮರುದಿನವೇ ಒರತೆ ಬತ್ತಿತು. ಅವಳು ಮುನಿಸಿಕೊಂಡು ನೆಲದೊಳಗೆ ನಡೆದುಬಿಟ್ಟಳು. ಅಲ್ಲಲ್ಲಿ ನೆಲಕ್ಕೆ ಕಿವಿಯಿಟ್ಟು, ಸದ್ದು ಕೇಳಿದ ಕಡೆಗೆ ನಡೆದು ಇಲ್ಲಿಯವರೆಗೆ ಬಂದೆ. ಸಂತೈಸಿ ಕರೆದೊಯ್ಯಬೇಕು."

"ನೆಲದೊಳಗೆ ನಡೆದಳಂತೆ!" ಎಂದು ಭಟರು ನಕ್ಕರು. ಮಾಸ್ತಿ ನಗಲಿಲ್ಲ. "ಹಿಂದಿನವನೂ ಇಂಥದೇ ದೇವರ ಮಾತು ಆಡಿದ್ದ, ಒಡೆಯಾ" ಎಂದಳು.

ಆಗ ನಾಯಕನು ಆಲೋಚಿಸಿ, ಕಡಲು ಇಳಿದಿರುವಾಗ ಇವನನ್ನು ಅತ್ಯಂತ ಹೊರಗಿನ ಬಂಡೆಗೆ ಕಟ್ಟಿಹಾಕಿರಿ, ಕಳ್ಳರ ಕಡೆಯವನಾದರೆ ಬಿಡಿಸಲು ಅವರ ಹಡಗು ಬಂದೇ ಬರುವುದು, ಬಾರದಿದ್ದರೆ ನೀರು ಏರುವ ಮುನ್ನ ಬಿಟ್ಟುಬಿಡೋಣ ಎಂದು ಆಜ್ಞಾಪಿಸಿದನು. ಸೋವಯ್ಯನು ಪ್ರತಿಭಟಿಸಲಿಲ್ಲ. ಆ ಬಂಡೆಯೊಂದಕ್ಕೆ ಮಾತ್ರ ತಾನಿನ್ನೂ ಕಿವಿಯಿಟ್ಟಿರಲಿಲ್ಲವೆಂದಷ್ಟೇ ಹೇಳಿದನು. ಅದೂ ಅವರ ಸಂಶಯವನ್ನೇ ಹೆಚ್ಚಿಸಿತು.

ಸೂರ್ಯನು ನಡುನೆತ್ತಿಯನ್ನು ದಾಟುವ ಹೊತ್ತಿಗೆ, ಬಡಗಣ ದಿಕ್ಕಿನಲ್ಲಿ ಒಂದು ಹಾಯಿ ಕಾಣಿಸಿತು.

"ಬಂದರು! ಬಂದರು!" ಎಂಬ ಕೂಗೆದ್ದು, ಕೇರಿಗೆ ಕೇರಿಯೇ ಹಸುಗೂಸುಗಳನ್ನು ಎತ್ತಿಕೊಂಡು ಕೋಟೆಗೆ ಓಡಿತು. ಹೆಬ್ಬಾಗಿಲು ಮುಚ್ಚಿತು. ಬಂಡೆಗೆ ಕಟ್ಟಿದವನು ಯಾರ ನೆನಪಿಗೂ ಬರಲಿಲ್ಲ. ಕಡಲು ಏರತೊಡಗಿತು.

ಮಾಸ್ತಿಯೊಬ್ಬಳು ಓಡಲಿಲ್ಲ. ತನ್ನ ಗಂಡನನ್ನು ಕೊಂದವರ ಮುಖವನ್ನೊಮ್ಮೆ ನೋಡಬೇಕೆಂಬ ಹಟದಿಂದ, ಕತ್ತಿಯನ್ನು ಬಿಗಿಹಿಡಿದು ಪಕ್ಕದ ಬಂಡೆಯ ಮರೆಯಲ್ಲಿ ಕುಳಿತಳು. ಹಡಗು ಹತ್ತಿರವಾಗುತ್ತಿದೆ, ಈಗ ಇವನು ಕೂಗುತ್ತಾನೆ, ಈಗ ತಲೆಯಾಡಿಸಿ ಸನ್ನೆ ಮಾಡುತ್ತಾನೆ ಎಂದು ಅವನ ಮುಖದಿಂದ ಕಣ್ಣು ಕೀಳದೆ ಕಾದಳು. ಆದರೆ ಸೋವಯ್ಯನು ಹಾಯಿಯ ಕಡೆಗೆ ಒಮ್ಮೆಯೂ ತಿರುಗಲಿಲ್ಲ. ಮೊಣಕಾಲಿನವರೆಗೆ ನೀರು ಬಂದಿದ್ದರೂ ಕತ್ತು ಬಗ್ಗಿಸಿ ತನ್ನ ಪಾದದ ಬಳಿಯನ್ನೇ ನೋಡುತ್ತಿದ್ದನು. ಅವನ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಹಾಯಿಯು ಅಳಿವೆಯನ್ನು ದಾಟಿ, ತಿರುಗದೆ, ತೆಂಕಣಕ್ಕೆ ಸಾಗಿಹೋಯಿತು. ಅದು ಯಾರ ಹಡಗೆಂದು ಯಾರಿಗೂ ತಿಳಿಯಲಿಲ್ಲ.

ಮಾಸ್ತಿಯು ಮರೆಯಿಂದೆದ್ದು ಬಂದಳು. "ಏಕೆ ಅಳುತ್ತೀಯೆ? ಸಾವಿಗೆ ಹೆದರಿದೆಯಾ?"

"ಸಿಕ್ಕಿದಳು, ತಂಗೀ. ಇಲ್ಲಿದ್ದಾಳೆ. ನನ್ನ ಕಾಲ ಬುಡದಲ್ಲಿ ನೋಡು."

ಬಂಡೆಯ ಬಿರುಕಿನಿಂದ ನೀರು ಉಪ್ಪುನೀರನ್ನು ಸರಿಸಿಕೊಂಡು ಗುಳುಗುಳನೆ ಮೇಲೇಳುತ್ತಿತ್ತು.

"ಸ್ವಲ್ಪ ಬಾಯಿಗೆ ಹಾಕಿಕೊಂಡು ನೋಡು" ಎಂದನವನು.

ಅವಳು ಹಿಂದೆ ಸರಿದಳು. ಕೋಲಿನಿಂದ ಬಿರುಕುಗಳನ್ನೆಲ್ಲ ತಡಕಿದವನು ಇವನೇ. ಯಾವ ವಿಷ ಬೆರೆಸಿದ್ದಾನೋ!

"ಮೊದಲು ನೀನು ಕುಡಿ" ಎಂದು ಬೊಗಸೆಯಲ್ಲಿ ಮೊಗೆದು ಅವನ ಬಾಯಿಗೆ ಹಿಡಿದಳು. ಅವನು ಕೂಸು ಹಾಲು ಕುಡಿದಂತೆ ಕುಡಿದನು. ಬೀಳುವನೋ ಎಂದು ಅವಳು ಕಾದು ನೋಡಿದಳು. ಅವನು ಬೀಳಲಿಲ್ಲ. ಆಗ ತಾನೂ ಮೊಗೆದು ಕುಡಿದಳು. ನಾಲ್ಕು ದಿಕ್ಕಿನ ಉಪ್ಪಿನ ನಡುವೆ ಆ ನೀರು ಎಳನೀರಿನಂತೆ ಸಿಹಿಯಾಗಿತ್ತು, ಘಟ್ಟದ ನೆರಳಿನಂತೆ ತಂಪಾಗಿತ್ತು. ಅಷ್ಟರಲ್ಲಿ ಕಡಲ ನೀರು ಅವನ ನಡುವನ್ನು ಮುಟ್ಟಿತ್ತು. ಅವಳು ಮುಳುಗಿ, ಒದ್ದೆ ಹಗ್ಗವನ್ನು ಕತ್ತಿಯಿಂದ ಕಡಿದಳು.

ಬಿಡುಗಡೆಗೊಂಡ ಸೋವಯ್ಯನು ದಡಕ್ಕೆ ಓಡದೆ, ಆ ನೀರಿನಲ್ಲಿಯೇ ಕೈಮುಗಿದು, "ತಾಯೀ, ಮನೆಗೆ ಬಾ" ಎಂದು ಬೇಡಿದನು. ಆಗ ಶಿಲಾಗರ್ಭದಿಂದ ಗಂಭೀರವೂ ಮಧುರವೂ ಆದ ವಾಣಿಯೊಂದು ಹೊರಹೊಮ್ಮಿತು:

"ಮುಳ್ಳಿನ ನಡುವೆ ನನ್ನನ್ನು ಕೂಡಿಹಾಕಿದ ಊರಿಗೆ ನಾನಾಗಿ ಮರಳೆನು. ಇಲ್ಲಿ ಸಮುದ್ರರಾಜನೇ ನನ್ನ ಬಾಗಿಲು. ಅವನು ಮುಚ್ಚುವನು, ತಪ್ಪದೆ ತೆರೆಯುವನು. ಈ ಹೆಣ್ಣು ಸಂಶಯದಿಂದಲೇ ಬಂದಳು, ಆದರೂ ಕುಡಿದು ನೋಡಿದಳು. ನನಗೆ ಅಷ್ಟೇ ಸಾಕು. ನಂಬಿ ಬಂದವರಿಗೂ ನಂಬದೆ ಬಂದವರಿಗೂ ಇಲ್ಲಿ ನಾನು ಸಿಹಿಯಾಗಿಯೇ ಇರುವೆನು."

ಅಷ್ಟರಲ್ಲಿ ಹಡಗು ಹೋದುದನ್ನು ಕಂಡು ನಾಯಕನು ಧಾವಿಸಿ ಬಂದನು. ಕಟ್ಟು ಕಳಚಿದ್ದ ಸೋವಯ್ಯನನ್ನೂ ಕತ್ತಿ ಹಿಡಿದ ಮಾಸ್ತಿಯನ್ನೂ ನೋಡಿ ಅವನ ಹುಬ್ಬು ಗಂಟಿಕ್ಕಿತು.

"ನೀನೂ ಇವನ ಕಡೆಗೆ ಸೇರಿದೆಯಾ, ಮಾಸ್ತಿ? ಏನು ಕೊಡುತ್ತೇನೆಂದ?"

"ನೀರು ಕೊಟ್ಟ, ಒಡೆಯಾ. ತಾಯಿ ಮಾತಾಡಿದಳು."

"ನನಗೇನೂ ಕೇಳಿಸಲಿಲ್ಲ."

"ನನ್ನ ಮಾತನ್ನು ನಂಬಲೇಬೇಡಿ. ಕುಡಿದು ನೋಡಿ" ಎಂದು ಅವಳು ಬೊಗಸೆಯೊಡ್ಡಿದಳು. ಅವನು ಅನುಮಾನಿಸುವುದನ್ನು ಕಂಡು, ತಾನೇ ಮೊದಲು ಕುಡಿದು ತೋರಿಸಿದಳು. ನಾಯಕನು ಅವಳ ಮುಖವನ್ನು ಬಹಳ ಹೊತ್ತು ದಿಟ್ಟಿಸಿ, ಕೊನೆಗೆ ಬಾಗಿ, ಮೊಗೆದು ಕುಡಿದನು. ಎದೆಯವರೆಗಿನ ನೀರಿನಲ್ಲಿ ನಿಂತೇ ತಲೆಯ ಮುಂಡಾಸನ್ನು ಕಳಚಿ ಕೈಮುಗಿದನು.

ಸೋವಯ್ಯನು ಮರುದಿನದ ಇಳಿತದಲ್ಲಿ ಸೀರೆಯನ್ನೂ ಬಳೆಗಳನ್ನೂ ತಾಯಿಗೆ ಅರ್ಪಿಸಿ, ಗಿಂಡಿಯ ತುಂಬ ನೀರು ಹಿಡಿದುಕೊಂಡನು. ಅವನನ್ನು ಹೊಳೆಯ ಮೇಲಕ್ಕೆ, ದೋಣಿ ಹೋಗುವವರೆಗೂ, ಮಾಸ್ತಿಯೇ ಹುಟ್ಟು ಹಾಕಿ ಕರೆದೊಯ್ದಳು. ಇಳಿಯುವಾಗ ಅವಳು ಕೇಳಿದಳಂತೆ: "ಅಣ್ಣಾ, ಈ ನೀರನ್ನು ಮೊದಲು ಯಾವ ಕೇರಿಗೆ ಕೊಡುತ್ತೀಯೆ?"

"ಬೇಲಿ ಕಿತ್ತ ಕೇರಿಗೆ" ಎಂದು ಹೇಳಿ ಅವನು ಕಾಡಿನ ದಾರಿ ಹಿಡಿದನು. ಆ ಊರು ಯಾವುದು, ಅಲ್ಲಿ ಒರತೆ ಮತ್ತೆ ಒಸರಿತೋ ಇಲ್ಲವೋ, ಈ ಕ್ಷೇತ್ರದ ಹಿರಿಯರು ಅರಿಯರು.

ಭಕ್ತರೂ ಪ್ರವಾಸಿಗಳೂ ಇಂದಿಗೂ ಇಲ್ಲಿ ಕಾಣಬಹುದಾದುದು ಇಷ್ಟು. ಗುಡ್ಡದ ಮೇಲೆ ಕೋಟೆಯ ಹೆಬ್ಬಾಗಿಲೂ ಪಡುವಣ ಬುರುಜೂ ಉಳಿದಿವೆ. ಬುರುಜಿನಲ್ಲಿ ನಿಂತರೆ ಅಳಿವೆ, ಮರಳ ದಂಡೆ, ಮೀನುಗಾರರ ದೋಣಿಗಳು ಒಂದೇ ನೋಟಕ್ಕೆ ಸಿಗುತ್ತವೆ. ಕೆಳಗೆ ಕರಿಬಂಡೆಗಳ ಸಾಲಿನ ಕೊನೆಯಲ್ಲಿ, ಕಡಲಿಳಿದಾಗ ನಡೆದೇ ಹೋಗಬಹುದಾದಲ್ಲಿ, ಸಿಹಿನೀರಿನ ತಾಯಿಯೆಂದು ಜನ ಕರೆಯುವ ಸೀನೀರಮ್ಮನ ಬಂಡೆಯಿದೆ. ಅದರ ನಡುವಿನ ಸವೆದ ಗೀರನ್ನು ಹಗ್ಗದ ಗುರುತೆನ್ನುತ್ತಾರೆ. ಹೆಂಗಸರು ಹಸಿರು ಬಳೆ ಒಪ್ಪಿಸುತ್ತಾರೆ. ಗರ್ಭಗುಡಿಯಿಲ್ಲ, ಬೇಲಿಯಿಲ್ಲ, ಬೀಗವಿಲ್ಲ.

ಇಲ್ಲಿ ಪೂಜೆ ಮಾಡುವವಳು ಮಾಸ್ತಿಯ ಮನೆತನದ ಹೆಣ್ಣು. ಬೇರೆಡೆಯಂತೆ ಇಲ್ಲಿ ತೀರ್ಥವನ್ನು ನೇರವಾಗಿ ಭಕ್ತರ ಕೈಗೆ ಹಾಕುವ ಪದ್ಧತಿಯಿಲ್ಲ. ಅವಳು ಮೊದಲು ತಾನು ಕುಡಿದು, ಸ್ವಲ್ಪ ಹೊತ್ತು ತಡೆದು, ಬಂದವರು ತನ್ನ ಮುಖವನ್ನು ಸಾಕೆನಿಸುವಷ್ಟು ನೋಡಲು ಬಿಟ್ಟು, ಅನಂತರವೇ ನೀಡುತ್ತಾಳೆ. ಬೇಡವೆಂದವರಿಗೆ ಬಲವಂತವಿಲ್ಲ, ಅವರು ಬಂಡೆಯ ಮೇಲೆ ಕುಳಿತು ಕಡಲು ನೋಡಬಹುದು. ನೀರು ಏರತೊಡಗಿದಾಗ ಮಾತ್ರ, ಕುಡಿದವರನ್ನೂ ಕುಡಿಯದವರನ್ನೂ ಮುಂದೆ ಬಿಟ್ಟುಕೊಂಡು, ಬಂಡೆಯ ಮೇಲೆ ಯಾರೂ ಉಳಿದಿಲ್ಲವೆಂದು ಹಿಂದಿರುಗಿ ನೋಡಿ, ಅವಳು ಎಲ್ಲರಿಗಿಂತ ಕೊನೆಗೆ ದಡಕ್ಕೆ ಬರುತ್ತಾಳೆ.