ಮದುಮಗಳ ಸಿಹಿತಟ್ಟೆ

ಏಳು ಕೆರೆಗಳಾಚೆ, ಮಂಜಿನೊಳಗೆ ಒಂದು ರಾಜ್ಯವಿತ್ತಂತೆ. ಅಲ್ಲಿ ಬೆಳಗಾದರೂ ಬೆಳದಿಂಗಳು ಪೂರ್ತಿ ಹೋಗುತ್ತಿರಲಿಲ್ಲ. ಕೊಳದ ಮೆಟ್ಟಿಲ ಮೇಲೆ ಒಂದಿಷ್ಟು ಉಳಿದಿರುತ್ತಿತ್ತು. ಆ ರಾಜ್ಯದ ಅರಮನೆಯಲ್ಲಿ ಸಂಕವ್ವ ಎಂಬ ಹೆಂಗಸಿದ್ದಳು. ಅರೆಯುವುದು, ರುಬ್ಬುವುದು ಅವಳ ಕೆಲಸ. ತಾಯಿಯಿಲ್ಲದ ರಾಜಕುಮಾರಿ ಹೂವಾಂಬೆಯನ್ನು ಎತ್ತಿ ಆಡಿಸಿದವಳೂ ಅವಳೇ.

ಹೂವಾಂಬೆಗೆ ಮದುವೆ ನಿಶ್ಚಯವಾಯಿತು. ಆರನೇ ಹುಣ್ಣಿಮೆಗೆ ಲಗ್ನ. ಆ ನಾಡಿನ ಪದ್ಧತಿ ಏನು ಗೊತ್ತೇ, ಮಕ್ಕಳೇ? ಅಲ್ಲಿಯವರೆಗೆ ಮದುಮಗಳು ಸಿಹಿ ಬಿಟ್ಟು ಬೇರೇನೂ ತಿನ್ನಬಾರದು. ದಿನಕ್ಕೊಂದು ಮನೆಯಿಂದ ಸಿಹಿತಟ್ಟೆ ಬರುತ್ತಿತ್ತು. ಇವತ್ತು ಹೋಳಿಗೆ, ನಾಳೆ ಚಿರೋಟಿ, ನಾಳಿದ್ದು ಸಜ್ಜಪ್ಪ. ಬೇಡ ಎಂದರೆ ಆ ಮನೆಯವರಿಗೆ ಅವಮಾನ. ಪಾಪ, ಹುಡುಗಿ ಕಣ್ಣು ಮುಚ್ಚಿಕೊಂಡು ತಿಂದಳು.

ಮೊದಲು ಹಣೆಯ ಮೇಲೆ ಒಂದು ಗುಳ್ಳೆ. ಆಮೇಲೆ ಕೆನ್ನೆ ತುಂಬ ಮೊಡವೆ. ಆಮೇಲೆ ಕೀವು, ಉರಿ, ನೋವು. ಹೂವಾಂಬೆ ಕೊಳದ ನೀರಿನಲ್ಲಿ ಮುಖ ನೋಡಿಕೊಳ್ಳುವುದನ್ನೇ ಬಿಟ್ಟಳು.

ಆಗ ತ್ರಿವಿಕ್ರಮ ಪಂಡಿತ ಬಂದ. ಅವನ ಕೆನ್ನೆಯೋ, ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬು! "ಎಲ್ಲಾ ನನ್ನ ಲೇಪದ ಮಹಿಮೆ, ಪ್ರಭು," ಎಂದ. ಸಂಕವ್ವ ಲೇಪ ಅರೆದಳು, ಹೂವಾಂಬೆ ಹಚ್ಚಿಕೊಂಡಳು. ಮೊದಲ ಹುಣ್ಣಿಮೆ ಬಂತು, ಮೊಡವೆ ಹೋಗಲಿಲ್ಲ. "ಅರಿಸಿನ ಸಾಲದು," ಎಂದ ಪಂಡಿತ. ಎರಡನೇ ಹುಣ್ಣಿಮೆ ಬಂತು, ಮೊಡವೆ ಹೋಗಲಿಲ್ಲ. "ಗಂಧ ಸಾಲದು," ಎಂದ. ಮೂರನೇ ಹುಣ್ಣಿಮೆಗೆ ಹೇಳಲು ಏನೂ ಉಳಿಯಲಿಲ್ಲ. "ಅರೆಯುವವಳ ಕೈಯೇ ಸರಿಯಿಲ್ಲ," ಎಂದುಬಿಟ್ಟ.

ರಾಜ ನಂಬಿದ. "ಸಂಕವ್ವ, ಲಗ್ನದ ಹೊತ್ತಿಗೆ ನನ್ನ ಮಗಳ ಮುಖ ತಿಳಿಯಾಗದಿದ್ದರೆ ನೀನು ಏಳು ಕೆರೆ ದಾಟಿ ಹೋಗಬೇಕು. ತಿರುಗಿ ಬರಬಾರದು."

ಸಂಕವ್ವ ಒರಳಿನ ಮುಂದೆ ಹೋಗಿ ಕೂತಳು. ಕೆಲಸ ಹೋದರೆ ಹೋಗಲಿ, ಆ ಮಗುವನ್ನು ಬಿಟ್ಟು ಹೇಗಿರಲಿ? ಮಧ್ಯಾಹ್ನ ಅಳುತ್ತಲೇ ಒರಳಿಗೆ ಒರಗಿ ಜೊಂಪಿಗೆ ಜಾರಿದಳು. ಕನಸಿನಲ್ಲಿ ಅರಮನೆ ಬಾಗಿಲಿಗೆ ಮೂವರು ನೆಂಟರು ಬಂದರು. ಹಸಿರು ಸೀರೆಗೆ ಕೆಂಪಂಚಿನ ಹೆಂಗಸು, ಅವಳು ದಂಟಿನ ಸೊಪ್ಪು. ಕಪ್ಪಗೆ ಗುಂಡಗಿದ್ದ ಅಜ್ಜ, ಅವನು ರಾಗಿಮುದ್ದೆ. ಹುಳಿಮುಖದ ಪುಟ್ಟ ಹುಡುಗಿ, ಅವಳು ನೆಲ್ಲಿಕಾಯಿ. "ನಮ್ಮನ್ನ್ಯಾಕೆ ಮದುವೆಗೆ ಕರೀಲಿಲ್ಲ?" ಎಂದು ಕೇಳಿದರು. "ನೀವು ಸಿಹಿಯಲ್ಲ, ನಡೀರಿ," ಎಂದ ಕಾವಲುಗಾರ. ಮೂವರೂ ತೇಲಿಕೊಂಡು ಹಿತ್ತಿಲ ಬಾಗಿಲಿಗೆ ಹೋದರು. ಅಲ್ಲಿ ಯಾರೋ ಎಲೆ ಹಾಸಿಕೊಂಡು ಅವರಿಗಾಗಿ ಕಾದಿದ್ದರು.

ಸಂಕವ್ವ ಎಚ್ಚೆತ್ತು ಹಿತ್ತಿಲಿಗೆ ಓಡಿದಳು. ನೋಡಿದರೆ ತ್ರಿವಿಕ್ರಮ ಪಂಡಿತ! ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುತ್ತಿದ್ದ. ಪಕ್ಕದಲ್ಲಿ ನೆಲ್ಲಿಕಾಯಿ. "ಸಿಹಿ ತಿಂದರೆ ನನಗೂ ಮುಖವೆಲ್ಲ ಗುಳ್ಳೆ ಏಳುತ್ತೆ ಕಣಯ್ಯ, ಯಾರಿಗೂ ಹೇಳಬೇಡ," ಎಂದು ಅಡುಗೆಯವನಿಗೆ ಪಿಸುಗುಟ್ಟುತ್ತಿದ್ದ.

ಸಂಕವ್ವ ಜಗಳಕ್ಕೆ ಹೋಗಲಿಲ್ಲ. ನೆಟ್ಟಗೆ ರಾಜನ ಮುಂದೆ ನಿಂತಳು.

"ಬುದ್ಧೀ, ಪಂಡಿತರು ನಮ್ಮವ್ವ ಹೂವಾಂಬೆಗಾಗಿ ಎಷ್ಟು ಕಷ್ಟ ಬೀಳ್ತವ್ರೆ! ಮದುಮಗಳ ಸಿಹಿತಟ್ಟೆ ಅವರಿಗೆ ಕೊಟ್ಟು ಮರ್ಯಾದೆ ಮಾಡಿ. ನಿಮ್ಮ ಪಕ್ಕದಲ್ಲೇ ಕೂತು ಉಣ್ಣಲಿ. ಲೇಪಾನೂ ಅವರೇ ಅರೆದು ಅವರೇ ಹಚ್ಕೊಳ್ಳಲಿ. ನಮ್ಮವ್ವ ನಾನು ಉಣ್ಣೋ ಮುದ್ದೆ ಸೊಪ್ಪನ್ನೇ ಉಣ್ಣಲಿ. ನನ್ನ ಕೈ ಕೆಟ್ಟದ್ದೋ ಏನೋ, ಗೊತ್ತಾಗೋಗ್ತದೆ."

ರಾಜ ಒಪ್ಪಿದ. ರಾಜನೇ ಕೊಡುವ ಮರ್ಯಾದೆ, ಪಂಡಿತ ಬೇಡ ಎನ್ನುವುದಾದರೂ ಹೇಗೆ? ತಟ್ಟೆಯ ಮುಂದೆ ಕೂತ.

ನಾಲ್ಕನೇ ಹುಣ್ಣಿಮೆಗೆ ಪಂಡಿತನ ಮೂಗಿನ ಮೇಲೆ ಗುಳ್ಳೆ, ಹೂವಾಂಬೆಯ ಉರಿ ಇಳಿಯಿತು. ಐದನೆಯದಕ್ಕೆ ಅವನ ಕೆನ್ನೆ ತುಂಬ ಮೊಡವೆ, ಅವಳ ಹಣೆ ತಿಳಿಯಾಯಿತು. ಆರನೆಯದಕ್ಕೆ ಅವನು ಉತ್ತರೀಯದಲ್ಲಿ ಮುಖ ಮುಚ್ಚಿಕೊಂಡು ಬಂದ. ರಾಜ ಅದನ್ನು ಸರಿಸಿ ನೋಡಿದ.

"ಪಂಡಿತರೇ, ಈ ಲೇಪ ಅರೆದ ಕೈ ಯಾರದು?"

"ನನ್ನದೇ, ಪ್ರಭು," ಎಂದ ಪಂಡಿತ. ಬೇರೆ ಏನು ಹೇಳಿಯಾನು? ಹಿತ್ತಿಲ ಊಟದ ಗುಟ್ಟನ್ನೂ ಒಪ್ಪಿಕೊಂಡ. ಏಳು ಕೆರೆ ದಾಟಿದವನು ಅವನೇ.

ಲಗ್ನಕ್ಕೆ ಮುಂಚೆ ಹೂವಾಂಬೆ ಕೊಳಕ್ಕೆ ಹೋಗಿ ಬಗ್ಗಿ ನೋಡಿದಳು, ಮುಖ ತಿಳಿಯಾಗಿತ್ತು. "ಸಂಕವ್ವಾ, ಇದು ನಾನೇ ಏನೇ?" "ನೀನೇ ಕಣವ್ವ," ಎಂದು ಸಂಕವ್ವ ಗಳಗಳ ಅತ್ತಳು, ಸಂತೋಷಕ್ಕೆ. ಅಂದಿನಿಂದ ಆ ನಾಡಿನಲ್ಲಿ ಮದುಮಗಳಿಗೆ ಒಂದೇ ಒಂದು ಹೋಳಿಗೆ, ಜೊತೆಗೆ ಒಂದು ಕಂತೆ ಸೊಪ್ಪು ಕಳಿಸುತ್ತಾರೆ.

ಆದ್ದರಿಂದ ಮಕ್ಕಳೇ, ಮುಖಕ್ಕೆ ಏನು ಹಚ್ಚಲಿ ಎಂದು ಕೇಳುವ ಮೊದಲು ಹೊಟ್ಟೆಗೆ ಏನು ಹಾಕಿದೆ ಎಂದು ಕೇಳಿಕೊಳ್ಳಿ. ತನ್ನ ತಪ್ಪನ್ನು ದುಡಿಯುವ ಕೈಯ ಮೇಲೆ ಹೊರಿಸುವವನನ್ನು ನಂಬಬೇಡಿ. ಮಂಜು ಮುಚ್ಚಿತು, ಏಳು ಕೆರೆ ಮರೆಯಾದವು. ಏಳಿ, ಸಾರು ಆರುತ್ತಿದೆ.