ಮೀಟರು ಕಂಡದ್ದು, ಕಿವಿ ಕೇಳಿದ್ದು

“ಗುರುಗಳೇ, ಮಠದ ಭಜನೆಗೆ ಎರಡು ಆಂಪ್ಲಿಫೈಯರ್ ಇವೆ. ಎರಡರ ದನಿಗೂ ವ್ಯತ್ಯಾಸವಿದೆ ಎಂದು ಅಳೆಯುವ ಮೀಟರ್ ತೋರಿಸುತ್ತದೆ. ನನ್ನ ಕಿವಿಗೆ ಎರಡೂ ಒಂದೇ. ಜೊತೆಯವನು ಮಾತ್ರ ತನಗೆ ವ್ಯತ್ಯಾಸ ಕೇಳಿಸುತ್ತದೆ ಎನ್ನುತ್ತಾನೆ. ಅವನ ಬಾಯಿ ಮುಚ್ಚಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೊಬ್ಬ ನೇಕಾರ ಗೆಳೆಯ. ಸಂಜೆ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ವರ್ತಕನ ಮನೆಯಲ್ಲಿ ಕೂತು ಟೇಪಿನಲ್ಲಿ ತತ್ವಪದ ಕೇಳುತ್ತಿದ್ದರು. ಹಗಲೆಲ್ಲ ಮಗ್ಗದ ಸದ್ದಿನಲ್ಲಿ ಕಳೆಯುವ ನೇಕಾರನಿಗೆ ಅದೊಂದೇ ನೆಮ್ಮದಿ. ಅವನ ಮನೆಯಲ್ಲಿ ರೇಡಿಯೋ ಕೂಡ ಇರಲಿಲ್ಲ.

ವರ್ತಕ ಹೊಸ ಆಂಪ್ಲಿಫೈಯರ್ ತಂದ. ಹಳೆಯದು ದನಿಯನ್ನು ತುಸು ಕೆಡಿಸುತ್ತದೆ, ಹೊಸದು ಅಷ್ಟೂ ಕೆಡಿಸುವುದಿಲ್ಲ ಎಂದು ಮಾರಿದವನು ಮೀಟರ್ ಇಟ್ಟು ತೋರಿಸಿದ್ದ. ವರ್ತಕ ಹಾಡು ಹಾಕಿ ಗೆಳೆಯನ ಮುಖ ನೋಡಿದ.

“ನನಗೇನೂ ಬೇರೆ ಅನ್ನಿಸಲಿಲ್ಲ,” ಎಂದ ನೇಕಾರ.

“ಮಗ್ಗ ಬಡಿದು ಬಡಿದು ನಿನ್ನ ಕಿವಿ ಹೋಗಿದೆ. ಕೇಳಿಸದವನು ಇಲ್ಲಿ ಯಾಕೆ ಕೂರಬೇಕು?”

“ಹೌದಪ್ಪ, ನನಗಿರುವುದು ಬರೀ ಕಿವಿ, ನಿನಗೆ ಮೀಟರಿದೆ. ಯಂತ್ರ ನೋಡದೆ ಯಾವುದು ಹೊಸದೆಂದು ಹೇಳು. ಸರಿಯಾಗಿ ಹೇಳಿದರೆ ನಾಳೆಯಿಂದ ನಿನ್ನ ಹೊಸಿಲು ತುಳಿಯುವುದಿಲ್ಲ.”

ವರ್ತಕನ ಹೆಂಡತಿ ಯಂತ್ರಗಳ ಮುಂದೆ ಒಂದು ಸೀರೆ ಕಟ್ಟಿದಳು. ಅದರ ಹಿಂದೆ ಕೂತು ತಂತಿ ಬದಲಿಸುತ್ತ ಹೋದಳು. ವರ್ತಕ ಪ್ರತಿ ಸಲವೂ ಒಂದನ್ನೇ ಆರಿಸಿದ. “ಇದೇ ಹೊಸದು. ಹಾಡಿಗೆ ಜೀವ ಬಂದಿದೆ,” ಎಂದ. ಅವನ ದನಿಯಲ್ಲಿ ಅನುಮಾನವೇ ಇರಲಿಲ್ಲ. ನೇಕಾರ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ನಿಂತ.

“ಕೂತುಕೊಳ್ಳಣ್ಣ,” ಎಂದಳು ಹೆಂಡತಿ. “ಇವರು ಆರಿಸಿದ್ದು ಹಳೆಯದನ್ನು. ಅದರ ಗುಂಡಿ ತುಸು ಹೆಚ್ಚು ತಿರುಗಿತ್ತು, ದನಿ ಜೋರಾಗಿ ಬರುತ್ತಿತ್ತು. ಜೋರಾಗಿ ಕೂಗಿದ್ದೇ ಸರಿ ಅನ್ನುವುದು ಈ ಮನೆಯಲ್ಲಿ ಇವತ್ತು ನಿನ್ನೆಯ ಅಭ್ಯಾಸವಲ್ಲ.”

ಅವಳು ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತಂದಳು. ಮತ್ತೆ ಪರೀಕ್ಷೆ ನಡೆಯಿತು. ಈ ಸಲ ವರ್ತಕ ಹೇಳಿದ್ದರಲ್ಲಿ ಕೆಲವು ಸರಿಯಾದವು, ಅಷ್ಟೇ ತಪ್ಪಾದವು. ಕಣ್ಣು ಮುಚ್ಚಿ ಬಾಯಿಗೆ ಬಂದದ್ದು ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಅವನು ತಲೆ ತಗ್ಗಿಸಿದ. ನೇಕಾರ ಬೀದಿಗೆ ಕೇಳುವಂತೆ ನಕ್ಕ.

ಇಲ್ಲಿಗೆ ಗುರು ಮಾತು ನಿಲ್ಲಿಸಿದರು.

“ಹಾಗಾದರೆ ಮೀಟರ್ ಹೇಳಿದ್ದು ಸುಳ್ಳು,” ಎಂದ ಶಿಷ್ಯ.

“ಸುಳ್ಳಲ್ಲ. ವ್ಯತ್ಯಾಸ ಇತ್ತು. ಮನುಷ್ಯರ ಕಿವಿಗೆ ಎಟುಕುವಷ್ಟು ಇರಲಿಲ್ಲ.”

ಶಿಷ್ಯನ ಮುಖ ಅರಳಿತು. ಜೊತೆಯವನಿಗೆ ಹೇಳಲು ಮಾತು ಸಿಕ್ಕಿತ್ತು. “ಅಂತೂ ನೇಕಾರ ಗೆದ್ದ. ಮರುದಿನವೂ ಬಂದು ಹಾಡು ಕೇಳಿದನಲ್ಲವೇ?”

“ಬಂದು ಕೂತ; ಆದರೆ ಹಾಡು ಶುರುವಾದಾಗ ಒಬ್ಬನಿಗೆ ತನ್ನ ಗೆಲುವು ಕೇಳಿಸಿತು, ಇನ್ನೊಬ್ಬನಿಗೆ ತನ್ನ ಸೋಲು.”