ಭರಮಪ್ಪ ಮಾವನ್ನ ಬಿಡಿಸಲು ಹೋದದ್ದು

ಕೇಳ್ರಪ್ಪ ಕೇಳ್ರಿ, ಹಿಂದಿದ್ದವರು ಮುಂದೆ ಸರೀರಿ, ಎಲಡಿಕೆ ಆಮೇಲೆ ಹಾಕ್ಕೊಳ್ರಿ.

ಸಂಕವ್ವ ಅಂತ ಒಬ್ಬಾಕೆ. ಆಕೆಗೆ ಭರಮಪ್ಪ ಅಂತ ಒಬ್ಬನೇ ಮಗ. ಮೈ ನೋಡಿದರೆ ಎತ್ತು, ಬುದ್ಧಿ ನೋಡಿದರೆ ಎತ್ತೇ ವಾಸಿ. ಹಾಲು ಉಕ್ಕೋದನ್ನ ನೋಡ್ತಿರೋ ಅಂದರೆ, ಉಕ್ಕಿ ಒಲೆಗೆಲ್ಲ ಹರಿಯೋ ತನಕ ನೋಡಿ, "ಯವ್ವಾ, ಭಾಳ ಚಂದ ಉಕ್ಕಿತು!" ಅಂತ ಬಂದು ಹೇಳೋನು. ಸಂಕವ್ವ ಹಣೆ ಚಚ್ಚಿಕೊಳ್ಳೋಳು.

ಈ ಸಂಕವ್ವನ ತಮ್ಮ ದ್ಯಾಮಣ್ಣ. ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕೋನು. ಒಂದಿನ ಸಂತೆಯಲ್ಲಿ ಗೃಹಮಂತ್ರಿಯ ಭಾಷಣ ನಡೆದಿತ್ತು. ಪಕ್ಕದಲ್ಲೇ ಇವನು "ಕಲಾಯೀ... ಕಲಾಯೀ..." ಅಂತ ಕೂಗಿದ. ಜನ ಭಾಷಣ ಬಿಟ್ಟು ಪಾತ್ರೆ ತರೋಕೆ ಮನೆಗೆ ಓಡಿದರು! ಮಂತ್ರಿಗೆ ಸಿಟ್ಟು ಬಂತು, ಪೊಲೀಸರು ಬಂದರು, ದ್ಯಾಮಣ್ಣ ಲಾಕಪ್ಪಿಗೆ ಹೋದ. ಕೇಸಿಲ್ಲ, ಕೋರ್ಟಿಲ್ಲ, ಬಿಡೋ ಮಾತಿಲ್ಲ.

ಅಷ್ಟರಲ್ಲಿ ಪಾರ್ಲಿಮೆಂಟಿನ ಎಲೆಕ್ಷನ್ ಬಂತು. ವಿರೋಧ ಪಕ್ಷದ ಮುಖಂಡರು ನಾಡಗೌಡರು. ಅವರಿಗೆ ಸಂಕವ್ವನ ಊರ ಕಡೆ ನಿಲ್ಲೋರು ಯಾರೂ ಸಿಗದೆ ಭರಮಪ್ಪನ್ನೇ ನಿಲ್ಲಿಸಿದರು. "ಪ್ರಚಾರದಾಗ ಬಾಯಿ ತೆರೀಬ್ಯಾಡಲೇ" ಅಂದಳು ಸಂಕವ್ವ. ಅವನು ಆಕಳಿಕೆ ಬಂದರೂ ತೆರೀಲಿಲ್ಲ. "ನೋಡ್ರಿ, ಸುಳ್ಳು ಹೇಳದಾಂವ ಇಂವ ಒಬ್ಬನ" ಅಂತ ಜನ ಓಟು ಹಾಕಿ ಕಳಿಸಿಬಿಟ್ಟರು!

ಪಾರ್ಲಿಮೆಂಟಿನಲ್ಲಿ ಒಂದು ಪದ್ಧತಿ. ಪೊಲೀಸು, ಜೈಲು, ಲಾಕಪ್ಪು ಎಲ್ಲ ಗೃಹಮಂತ್ರಿಯ ಕೈಯಲ್ಲಿ. ಅವನು ತಪ್ಪಿದರೆ ಎದ್ದು ಕೇಳೋಕೆ ವಿರೋಧ ಪಕ್ಷದಲ್ಲಿ ಒಬ್ಬ ಇರಬೇಕು. ಅವನೇ ಗೃಹಖಾತೆಯ ವಕ್ತಾರ. ಆ ಜಾಗಕ್ಕೆ ನಾಡಗೌಡರ ಪಕ್ಷದಲ್ಲಿ ಜಗಳವೋ ಜಗಳ. ಇವನಿಗೆ ಕೊಟ್ಟರೆ ಅವನಿಗೆ ಸಿಟ್ಟು, ಅವನಿಗೆ ಕೊಟ್ಟರೆ ಇವನಿಗೆ ಸಿಟ್ಟು. ಯಾರಿಗೂ ಹೊಟ್ಟೆಕಿಚ್ಚು ಬಾರದವನೊಬ್ಬ ಬೇಕು ಅಂತ ಹುಡುಕಿ ಹುಡುಕಿ ಭರಮಪ್ಪನಿಗೆ ಕೊಟ್ಟರು.

ಸಂಕವ್ವ ಸೆರಗೊಡ್ಡಿ ದೇವರಿಗೆ ಕೈ ಮುಗಿದಳು. "ಮಗನ, ಮಂತ್ರೀನ್ನ ಕೇಳಿ ನಿಮ್ಮ ಮಾವನ್ನ ಬಿಡಿಸೋ. ದೊಡ್ಡವರು ಹೇಳಿದಂಗ ಮಾಡು. ಸ್ವಂತ ಬುದ್ಧಿ ಮಾತ್ರ ಹಚ್ಚಬ್ಯಾಡ!"

"ಇದ್ದರಲ್ಲೇನವ್ವಾ ಹಚ್ಚೋದು?" ಅಂದು ಭರಮಪ್ಪ ಹೊರಟ.

ನಾಡಗೌಡರು ಹೇಳಿದರು: "ಗೃಹಮಂತ್ರಿ ಏನೇ ಹೇಳಲಿ, ಎದ್ದು ನಿಂತು 'ಇಲ್ಲ! ನಾವು ಒಪ್ಪಂಗಿಲ್ಲ!' ಅನ್ನು. ತಿಳೀತೇನು?"

"ತಿಳೀತ್ರೀ ಗೌಡ್ರ!"

ಅವತ್ತು ಸಭೆಯಲ್ಲಿ ಗೃಹಮಂತ್ರಿ ಎದ್ದ. "ಇಂದು ವಿರೋಧ ಪಕ್ಷದ ನಾಡಗೌಡರ ಹುಟ್ಟುಹಬ್ಬ. ದೇವರು ಅವರಿಗೆ ನೂರು ವರ್ಷ ಆಯುಷ್ಯ ಕೊಡಲಿ" ಅಂದ.

ಭರಮಪ್ಪ ಧಡ್ಡನೆ ಎದ್ದ. "ಇಲ್ಲ! ನಾವು ಒಪ್ಪಂಗಿಲ್ಲ!"

ಸಭೆ ಬಿದ್ದು ಬಿದ್ದು ನಕ್ಕಿತು. ನಾಡಗೌಡರ ಮುಖ ಹುಣಸೆಹಣ್ಣು ಕಿವುಚಿದ ಹಾಗಾಯ್ತು. "ಲೇ ಪೆದ್ದ! ನಾ ಸಾಯ್ಬೇಕೇನಲೇ? ಅಂಥಾ ಮಾತಿಗೆ ಮೇಜು ಕುಟ್ಟಿ 'ಭಾಳ ಸಂತೋಷ! ವರ್ಷಾವರ್ಷಾ ಹೆಚ್ಚಲಿ!' ಅನ್ನಬೇಕು!"

"ಹಂಗ ಅಂತೀನ್ರಿ ಗೌಡ್ರ!"

ಮರುದಿನ ಗೃಹಮಂತ್ರಿ ತಲೆ ತಗ್ಗಿಸಿ ಎದ್ದ. "ಈ ವರ್ಷ ಕಳ್ಳತನ ಹೋದ ವರ್ಷಕ್ಕಿಂತ ಜಾಸ್ತಿಯಾಗಿದೆ ಅಂತ ಒಪ್ಪಿಕೊಳ್ಳಬೇಕಾಗಿದೆ" ಅಂದ.

ಭರಮಪ್ಪ ಧಬಧಬ ಮೇಜು ಕುಟ್ಟಿದ. "ಭಾಳ ಸಂತೋಷ! ವರ್ಷಾವರ್ಷಾ ಹೆಚ್ಚಲಿ!"

ತಗ್ಗಿಸಿದ ತಲೆ ಎತ್ತಿ ಮಂತ್ರಿ ಕೈ ಮುಗಿದ. "ಇಂಥ ವಕ್ತಾರರು ನಮ್ಮ ಕಡೆಯೂ ಇಲ್ಲ ಸ್ವಾಮಿ!"

"ಲೇ ಗೂಬೆ! ಮಂತ್ರಿ ಕೈಗೆ ಸಿಕ್ಕಾಗ ಬಿಡ್ತಾರೇನಲೇ?" ಅಂತ ನಾಡಗೌಡರು ಚಪ್ಪಲಿಗೆ ಕೈ ಹಾಕಿದರು. "ಅಂಥಾ ಹೊತ್ತಿನಾಗ 'ನಾಚಿಕೆ! ನಾಚಿಕೆ! ರಾಜೀನಾಮೆ ಕೊಡು!' ಅಂತ ಒದರಿ, ನಟ್ಟನಡುವೆ ಹೋಗಿ ಕುಂಡ್ರಬೇಕು! ಏಳಂದ್ರ ಏಳಬಾರದು!"

"ಏಳಂಗಿಲ್ರಿ ಗೌಡ್ರ!"

ಆ ವಾರವೇ ಗೃಹಮಂತ್ರಿಯ ಮಗಳ ಮದುವೆ. ಸಭೆಯಲ್ಲಿ ಎಷ್ಟೇ ಕಿತ್ತಾಡಲಿ, ಊಟಕ್ಕೆ ಎಲ್ಲ ಪಕ್ಷದವರೂ ಹೋಗ್ತಾರೆ. ಭರಮಪ್ಪನೂ ಹೋದ. ವರ ತಲೆ ತಗ್ಗಿಸಿ ಕೂತಿದ್ದ. ತಲೆ ತಗ್ಗಿಸಿದ್ದು ಕಂಡಿದ್ದೇ ತಡ!

"ನಾಚಿಕೆ! ನಾಚಿಕೆ! ರಾಜೀನಾಮೆ ಕೊಡು!" ಅಂತ ಒದರಿ, ವಧು ವರರ ನಟ್ಟನಡುವೆ ಹೋಗಿ ಕೂತುಬಿಟ್ಟ!

ವರ ಪಾಪದವನು. ಹೆದರಿ ಬಾಸಿಂಗ ಬಿಚ್ಚಿ ಇವನ ಕೈಗೆ ಕೊಡೋಕೆ ಬಂದ. ಭಟ್ಟರು ಗಾಬರಿಯಲ್ಲಿ ಅಕ್ಷತೆಯನ್ನ ಭರಮಪ್ಪನ ತಲೆಗೇ ಹಾಕಿದರು. ಕಡೆಗೆ ಬೀಗರೆಲ್ಲ ಸೇರಿ ಹೊತ್ತು ಹೊರಗೆ ಒಗೆದರು.

ಅವತ್ತು ಸಂಕವ್ವನೇ ನಾಡಗೌಡರ ಕಾಲಿಗೆ ಬಿದ್ದಳು. "ಗೌಡ್ರ, ನನ್ನ ತಮ್ಮ ಲಾಕಪ್ಪಿನಾಗ ಸೊರಗಿ ಕಡ್ಡಿ ಆಗ್ಯಾನ. ಇದೊಂದು ಸಲ ಇವನಿಗೆ ಬಿಡಿಸಿ ಹೇಳ್ರಿ!"

ನಾಡಗೌಡರು ಬಿಡಿಸಿ ಹೇಳಿದರು. "ನೋಡಪ್ಪ. ನಾಳೆ ನಿಮ್ಮ ಮಾವನ ಪ್ರಶ್ನೆ ಕೇಳು. ಆಮ್ಯಾಲೆ ಎರಡ ಮಾತು ನೆನಪಿಡು. ಸಭೆ ಒಳಗ ಮಂತ್ರಿ ಏನಂದರೂ 'ಒಪ್ಪಂಗಿಲ್ಲ'. ಸಭೆ ಹೊರಗ ಯಾರ ಕಂಡರೂ ಕೈ ಮುಗಿದು, ನಕ್ಕು, 'ಊಟ ಆತೇನ್ರಿ? ಭಾಳ ಸಂತೋಷ!' ಅನ್ನು. ಒಳಗ ಅದು, ಹೊರಗ ಇದು. ಹೇಳು ನೋಡೂಣು?"

"ಒಳಗ ಅದು, ಹೊರಗ ಇದು!"

ಮರುದಿನ ಸಂಕವ್ವ ಮೇಲಿನ ಗ್ಯಾಲರಿಯಲ್ಲಿ, ಜನ ಕೂತು ನೋಡೋ ಜಾಗದಲ್ಲಿ, ಉಸಿರು ಬಿಗಿಹಿಡಿದು ಕೂತಳು. ಭರಮಪ್ಪ ಎದ್ದು ಕೇಳಿದ: "ಕಲಾಯಿ ದ್ಯಾಮಣ್ಣನ್ನ ಯಾಕ ಹಿಡಿದೀರಿ?"

ಗೃಹಮಂತ್ರಿ ಬೆವರಿದ. ಪೇಪರಿನವರೆಲ್ಲ ಅವನನ್ನೇ ನೋಡ್ತಿದ್ದರು. "ತಪ್ಪಾಗಿದೆ. ಇವತ್ತು ಸಂಜೆಯೇ ಬಿಡ್ತೀವಿ" ಅಂದ.

ಸಂಕವ್ವನ ಕಣ್ಣಲ್ಲಿ ನೀರು ಬಂತು.

"ಇಲ್ಲ! ನಾವು ಒಪ್ಪಂಗಿಲ್ಲ!" ಅಂದ ಭರಮಪ್ಪ.

"ಬಿಡೋದು ಬೇಡವಾ? ಹಾಗಾದರೆ ಒಳಗೇ ಇಡೋಣ."

"ಇಲ್ಲ! ಒಪ್ಪಂಗಿಲ್ಲ!"

"ಬಿಡೋದೂ ಬೇಡ, ಇಡೋದೂ ಬೇಡ. ಬಾಗಿಲಲ್ಲಿ ನಿಲ್ಲಿಸಲಾ?"

"ಒಪ್ಪಂಗಿಲ್ಲ!"

ಸಂಕವ್ವನಿಗೆ ತಡೀಲಿಲ್ಲ. ಗ್ಯಾಲರಿಯ ಕಟಕಟೆ ಹಿಡಿದು ಬಗ್ಗಿ ಕೂಗಿದಳು: "ಲೇ ಹುಟ್ಟುಪೆದ್ದ! ಹೌದು ಅನ್ನಲೇ! ಆ ಮಂತ್ರಿ ಏನ ಕೇಳಿದರೂ ಹೌದು ಅನ್ನು!"

"ಆಗಲಿ ಯವ್ವಾ!"

ಸಭಾಧ್ಯಕ್ಷರು ಮೇಜು ಬಡಿದರು. "ಯಾರದು? ಗ್ಯಾಲರಿಯಲ್ಲಿ ಕೂತವರು ತುಟಿ ಬಿಚ್ಚೋ ಹಾಗಿಲ್ಲ! ಹಿಡಿದು ಲಾಕಪ್ಪಿಗೆ ಹಾಕಬೇಕಾಗತ್ತೆ!"

ಗೃಹಮಂತ್ರಿಯ ಬೆವರು ಆರಿತು. ಮೀಸೆ ಸವರಿಕೊಂಡ. "ವಕ್ತಾರರೇ, ದ್ಯಾಮಣ್ಣ ಒಳಗೇ ಇರಲಾ?"

"ಹೌದು!"

"ಈ ಕೂಗಿದ ಹೆಂಗಸನ್ನೂ ಅವನ ಜೊತೆಗೇ ಹಾಕಲಾ?"

"ಹೌದು! ಹೌದು!" ಅಂತ ಭರಮಪ್ಪ ಧಬಧಬ ಮೇಜು ಕುಟ್ಟಿದ.

ಲಾಕಪ್ಪಿನಲ್ಲಿ ದ್ಯಾಮಣ್ಣ ಕಣ್ಣು ಕಣ್ಣು ಬಿಟ್ಟ. "ಅಕ್ಕಾ! ನೀ ಯಾಕ ಬಂದಿ? ಅಳಿಯ ನನ್ನ ಮಾತು ಎತ್ತಲಿಲ್ಲೇನು?"

"ಎತ್ತಿದ್ನಪ್ಪಾ."

"ಮಂತ್ರಿ ಬಿಡಂಗಿಲ್ಲ ಅಂದ್ನೇನು?"

"ಬಿಡ್ತೀನಿ ಅಂದ."

"ಮತ್ತ?"

ಸಂಕವ್ವ ಗೋಡೆಗೆ ಒರಗಿದಳು. "ನಿನ್ನ ಅಳಿಯ ನಾ ಹೇಳಿದಂಗ ಕೇಳಿದ."

ಅಷ್ಟರಲ್ಲಿ ಸರಳಿನ ಆಚೆ ಭರಮಪ್ಪ ಬಂದು ನಿಂತ. ಈಗ ಸಭೆಯ ಹೊರಗೆ ಇದ್ದಾನಲ್ಲ! ಎರಡೂ ಕೈ ಮುಗಿದ. ಹಲ್ಲೆಲ್ಲ ಕಾಣೋ ಹಾಗೆ ನಕ್ಕ.

"ಯವ್ವಾ, ಮಾವಾ, ಊಟ ಆತೇನ್ರಿ? ಭಾಳ ಸಂತೋಷ!"